ಎರಡು ಮುಗೀತು ಸಾರ್

ವಿದ್ಯುತ್ ಚಿತಾಗಾರದ ಗುಮಾಸ್ತರ ಮೇಜಿನ ಮೇಲೆ ಮೌಸ್ ಬಂದು ಕೂತದ್ದು ಸೋಮವಾರ ಬೆಳಿಗ್ಗೆ. ಅವರೇನೂ ಅದನ್ನು ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಕಪ್ಪು ಪರದೆಯ ಹಸಿರು ಅಕ್ಷರಗಳ ಮುಂದೆ ಕೂತು, ಬರೀ ಕೀಬೋರ್ಡು ಕುಟ್ಟಿ ಊರಿನ ಅರ್ಧ ಜನರನ್ನು ಸರದಿ ತಪ್ಪದಂತೆ ಸಾಗಹಾಕಿದ್ದರು. ಊರವರು ಅವರನ್ನು ‘ಸರದಿ ಸಾರ್’ ಎಂದೇ ಕರೆಯುತ್ತಿದ್ದರು. ಹೋದವರು ಯಾರೂ ಇದುವರೆಗೆ ದೂರು ಕೊಟ್ಟಿರಲಿಲ್ಲ. ನಿವೃತ್ತಿಗೆ ಎಂಟು ತಿಂಗಳಷ್ಟೇ ಉಳಿದಿತ್ತು.

“ಹಳೇ ಪ್ರೋಗ್ರಾಮೇ ಸಾರ್, ಆದ್ರೆ ಈಗ ಮೌಸ್ ಹಿಡಿಯುತ್ತೆ,” ಎಂದ ಕಂಪ್ಯೂಟರಿನವನು, ಬಾಗಿಲಿನಷ್ಟು ಅಗಲದ ಹೊಸ ಪರದೆಯನ್ನು ಒರೆಸುತ್ತಾ. “ಹೆಸರಿನ ಎಡಗಡೆ ‘ಒಲೆಗೆ’ ಅಂತಿದೆ, ಬಲಗಡೆ ತುದೀಲಿ ‘ಮುಂದೂಡು’ ಅಂತಿದೆ. ಬಾಣ ತಗೊಂಡು ಹೋಗಿ ಒತ್ತಿದ್ರೆ ಆಯ್ತು.”

“ಅಕ್ಷರದ ಪರದೆಗೆ ಮೌಸ್ ಯಾಕಪ್ಪಾ? ಕುರುಡನ ಕೈಗೆ ಕನ್ನಡಿ ಕೊಟ್ಟ ಹಾಗೆ.”

“ಮೇಲಿನವರ ಆದೇಶ ಸಾರ್,” ಎಂದು ಹೇಳಿ ಅವನು ಹೊರಟುಹೋದ.

ಅಂದು ತಣ್ಣನೆಯ ಕೋಣೆಯಲ್ಲಿದ್ದದ್ದು ಇಬ್ಬರೇ; ನಂಬರ್ ಒಂದು ಹಿಂದಿನ ದಿನವೇ ಮುಗಿದಿತ್ತು. ನಂಬರ್ ಎರಡು, ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬರು ಮುದುಕರು. ಅವರ ಒಬ್ಬನೇ ಮಗ ಜಗಳವಾಡಿ ಮನೆ ಬಿಟ್ಟು ಹದಿನೆಂಟು ವರ್ಷವಾಗಿತ್ತು. ಸುದ್ದಿ ತಿಳಿದು ದೂರದಿಂದ ಹೊರಟಿದ್ದಾನೆ, ಅವನು ಮುಖ ನೋಡುವವರೆಗೆ ಸುಡಬೇಡಿ ಎಂದು ಪಕ್ಕದ ಮನೆಯವರು ಕೈಮುಗಿದು ಹೇಳಿಹೋಗಿದ್ದರು. ಮುದುಕರಿಗೆ ಸಂಜೆ ನಾಲ್ಕರ ಸರದಿ. ನಂಬರ್ ಮೂರು, ರೈಲು ನಿಲ್ದಾಣದಲ್ಲಿ ಸಿಕ್ಕ ಅನಾಥ ಶವ. ಅದರ ಸರದಿ ಬೆಳಿಗ್ಗೆಯೇ.

ಒಂಬತ್ತಕ್ಕೆ ಪೊಲೀಸ್ ಠಾಣೆಯಿಂದ ಫೋನ್ ಬಂತು. “ಮೂರನ್ನ ಇವತ್ತು ಸುಡಬೇಡಿ. ಅವನ ಕಡೆಯವರು ಯಾರೋ ಸಿಗೋ ಹಾಗಿದೆ.”

ಗುಮಾಸ್ತರು ಮೌಸ್ ಹಿಡಿದರು. ಬಾಣ ಹೊಸ ಮದುಮಗಳ ಹಾಗೆ ಮೂಲೆ ಮೂಲೆ ಸೇರಿಕೊಂಡಿತು. ಬೆವರೊರೆಸಿಕೊಂಡು ಅದನ್ನು ಬಲತುದಿಯವರೆಗೆ ಎಳೆದುತಂದು, ‘ಮುಂದೂಡು’ ಮೇಲಿಟ್ಟು ಒತ್ತಿದರು. ಒಳಗೆಲ್ಲೋ ಗಂಟೆ ಬಾರಿಸಿತು. ಹೊಸ ಯಂತ್ರಕ್ಕೆ ಹೊಸ ಸದ್ದು ಇರಬಹುದು ಎಂದುಕೊಂಡರು.

ಹನ್ನೊಂದಕ್ಕೆ ಒಲೆ ನೋಡಿಕೊಳ್ಳುವವನು ಕಿಟಕಿಯಲ್ಲಿ ತಲೆ ಹಾಕಿದ. “ಎರಡು ಮುಗೀತು ಸಾರ್. ಟೀ ಕುಡ್ದು ಬರ್ತೀನಿ.”

“ಎರಡಾ?”

“ಹ್ಞೂಂ, ಎರಡು,” ಎಂದು ಅವನು ಹೋದ.

ಗುಮಾಸ್ತರು ಪರದೆಯತ್ತ ಬಾಗಿದರು. ಎರಡು ಎಂದರೆ ಗಡಿಯಾರದವರು! ಬಾಣ ಒಂದು ಸಾಲು ಮೇಲೆ ಕೂತಿತ್ತೇನೋ. ಪರದೆಯಲ್ಲಿ ನೋಡೋಣವೆಂದು ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದರು. ಪ್ರೋಗ್ರಾಮು ಸತ್ತುಬಿತ್ತು, ಮೌಸ್ ಮಾತ್ರ ಸಾಯಲಿಲ್ಲ. ಅದು ಅಲುಗಿದಾಗಲೆಲ್ಲ ಕಪ್ಪು ಪರದೆಯ ತುಂಬ ಆವರಣ ಚಿಹ್ನೆ, ಎಂ, ಇನ್ನೇನೇನೋ ಗುರುತುಗಳು ಗೋಣಿ ಹರಿದ ಕಾಳಿನಂತೆ ಸುರಿದವು. ಮೌಸನ್ನು ಎತ್ತಿ ಬದಿಗಿಟ್ಟರೆ ಅದಕ್ಕೂ ಒಂದು ಸಾಲು ಸುರಿಯಿತು.

ಕಂಪ್ಯೂಟರಿನವನಿಗೆ ಫೋನ್ ಮಾಡಿದರು.

“ಬಲಗಡೆ ತುದೀಲಿ ಒತ್ತಿದ್ರಾ?” ಅವನ ದನಿ ಇಳಿಯಿತು. “ಅಯ್ಯೋ ಸಾರ್. ಮೌಸ್ ಎಲ್ಲಿ ಒತ್ತಿತು ಅನ್ನೋದು ಆ ಪ್ರೋಗ್ರಾಮಿಗೆ ಅಕ್ಷರದ ರೂಪದಲ್ಲೇ ಹೋಗ್ಬೇಕು. ಎಡಗಡೆಯಿಂದ ಇನ್ನೂರ ಇಪ್ಪತ್ಮೂರನೇ ಅಕ್ಷರದ ಜಾಗದವರೆಗೆ ಲೆಕ್ಕ ಸರಿ ಇರುತ್ತೆ. ಅದರಾಚೆ ಹೋದ್ರೆ ಸುತ್ತಿ ಎಡಗಡೆಗೆ ಬೀಳುತ್ತೆ. ಹೊಸ ಪರದೆ ಇಷ್ಟು ಅಗಲ ಅಂತ ನಾನು...”

“ಎಡಗಡೆ ಇರೋದು ‘ಒಲೆಗೆ’ ಕಣೋ!”

ಆ ಕಡೆ ಫೋನ್ ಕಟ್ಟಾಯಿತು.

ಕಿಟಕಿಯ ಹೊರಗೆ ಹೂ ಮಾರುವ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಲ್ಲಿ ನಡೆಯುವ ಯಾವ ವಿಷಯಕ್ಕೂ ಅವಳ ಸಲಹೆ ತಪ್ಪುತ್ತಿರಲಿಲ್ಲ. “ಸರದಿ ಸಾರ್, ತಲೆ ಮೇಲೆ ಕೈ ಹೊತ್ಕೊಂಡು ಕೂತ್ರೆ ಬೂದಿ ಎದ್ದು ಬರುತ್ತಾ? ಒಳಗೆ ಇನ್ನೊಬ್ಬ ಇದ್ದಾನಲ್ಲ, ಅನಾಥ. ಅವನನ್ನೇ ತೋರ್ಸಿ.”

“ಏನಮ್ಮಾ ನೀನು! ಮಗ ಅಪ್ಪನ್ನ ಗುರುತು ಹಿಡಿಯಲ್ವಾ?”

“ಹದಿನೆಂಟು ವರ್ಷ! ನನ್ನ ಗಂಡ ಮೂರು ತಿಂಗಳು ಬಿಟ್ಟು ಬಂದಾಗ ನಾನೇ ಬಾಗಿಲು ತೆಗೀಲಿಲ್ಲ, ಯಾರೋ ಅಂತ. ಗಲ್ಲದವರೆಗೆ ಹೂವು ಮುಚ್ತೀನಿ, ಹಣೆಗೆ ಒಂದು ಸುತ್ತು ಹಾರ. ಕಾಣೋದು ಬರೀ ಮೂಗು. ಮೂಗು ಯಾರಿಗಿಲ್ಲ ಹೇಳಿ?”

ಗುಮಾಸ್ತರು ಬೇಡ ಎನ್ನಲಿಲ್ಲ. ಒಳಗೆ ಹೋಗಿ ನೋಡುವ ಧೈರ್ಯವೂ ಅವರಿಗಾಗಲಿಲ್ಲ. ಅರ್ಧ ಗಂಟೆಯಲ್ಲಿ ಹೂವಿನವಳು ಕೈಯೊರೆಸಿಕೊಂಡು ಬಂದಳು. “ಉಳಿದಿದ್ದ ಒಬ್ಬನಿಗೆ ಅಲಂಕಾರ ಆಯ್ತು. ಕಾಲಿಗೆ ಕಟ್ಟಿದ್ದ ಚೀಟೀನೂ ಹರಿದು ಎಸೆದೆ. ಏನು ಬರೆದಿತ್ತೋ, ನನಗೆ ಓದೋಕೆ ಎಲ್ಲಿ ಬರುತ್ತೆ?”

ಮೂರೂವರೆಗೆ ಮಗ ಬಂದ. ನಲವತ್ತು ದಾಟಿದ, ಪ್ರಯಾಣದಲ್ಲಿ ಸುಕ್ಕಾದ ಅಂಗಿಯ ಮನುಷ್ಯ. ಗಾಡಿಯ ಮೇಲಿನ ಹೂವಿನ ರಾಶಿಯೊಳಗೆ ಕೈ ತೂರಿಸಿ ಆ ತಣ್ಣನೆಯ ಬೆರಳುಗಳನ್ನು ಹುಡುಕಿ ಹಿಡಿದ.

“ಅಪ್ಪಾ, ತಪ್ಪು ನಂದೇ. ಅವತ್ತು ನೀನು ಬಾಗಿಲಲ್ಲಿ ನಿಂತು ಕೂಗಿದ್ದು ಕೇಳಿಸ್ತು. ಕೇಳಿಸಿಯೂ ತಿರುಗಿ ನೋಡಲಿಲ್ಲ.”

ಗುಮಾಸ್ತರು ಗೋಡೆಗೆ ಒರಗಿ ನಿಂತರು. ಮಗ ಅವರತ್ತ ತಿರುಗಿ, “ನೋಡಿ ಸಾರ್, ಅದೇ ಬೆರಳು. ಗಡಿಯಾರದ ಸಣ್ಣ ಮುಳ್ಳು ಹಿಡಿದೂ ಹಿಡಿದೂ ಉಗುರು ಸವೆದಿದೆ,” ಎಂದ. ದುಃಖ ತನಗೆ ಬೇಕಾದದ್ದನ್ನೇ ಕಾಣುತ್ತದೆ ಎಂದುಕೊಂಡರು ಗುಮಾಸ್ತರು.

ನಾಲ್ಕಕ್ಕೆ ಒಲೆಯ ಬಾಗಿಲು ಮುಚ್ಚಿತು. ಎಲ್ಲ ಮುಗಿದ ಮೇಲೆ ಮಗ ಕಚೇರಿಗೆ ಬಂದು ಗುಮಾಸ್ತರ ಎರಡೂ ಕೈ ಹಿಡಿದುಕೊಂಡ. “ಹದಿನೆಂಟು ವರ್ಷದ ಭಾರ ಇಳೀತು ಸಾರ್. ಮುಖ ತೋರಿಸಿದ್ರಲ್ಲ, ಸಾಯೋವರೆಗೂ ಮರೆಯಲ್ಲ.”

ಅವನು ಬೈದಿದ್ದರೆ ಗುಮಾಸ್ತರು ತಡೆದುಕೊಳ್ಳುತ್ತಿದ್ದರು. ಈ ಕೃತಜ್ಞತೆಯನ್ನು ತಡೆದುಕೊಳ್ಳಲಾಗಲಿಲ್ಲ.

“ಕೂತ್ಕೊಳ್ಳಿ,” ಎಂದರು. “ಅದು ನಿಮ್ಮಪ್ಪ ಅಲ್ಲ. ನಿಮ್ಮಪ್ಪನ್ನ ಬೆಳಿಗ್ಗೆಯೇ ಸುಟ್ಟಾಯ್ತು. ನನ್ನ ಕೈತಪ್ಪಿನಿಂದ.” ಬಲತುದಿ, ಎಡತುದಿ, ಅನಾಥ ಶವ, ಹೂವು, ಎಲ್ಲವನ್ನೂ ಒಂದೂ ಬಿಡದೆ ಹೇಳಿದರು.

ಮಗ ಕೂರಲೇ ಇಲ್ಲ. “ಹಾಗಾದ್ರೆ ನಾನು ಕ್ಷಮೆ ಕೇಳಿದ್ದು ಯಾರ ಹತ್ರ?” ಎಂದ. ಉತ್ತರಕ್ಕೆ ಕಾಯದೆ ಮೇಲಧಿಕಾರಿಯ ಕೋಣೆಯ ಕಡೆಗೆ ಹೊರಟ.

ಆ ಹೊತ್ತಿಗೆ ಒಲೆಯವನು ಸಹಿಗೆಂದು ದಿನದ ಚೀಟಿಗಳನ್ನು ತಂದು ಮೇಜಿನ ಮೇಲಿಟ್ಟ. ಮೇಲಿನದರಲ್ಲಿ ಸ್ಪಷ್ಟವಾಗಿತ್ತು: ಬೆಳಿಗ್ಗೆ ಒಂಬತ್ತೂಕಾಲು, ಶವ ನಂಬರ್ ಮೂರು, ಒಲೆ ಎರಡು.

“ನೀನು ಎರಡು ಅಂದ್ಯಲ್ಲೋ!”

“ಎರಡನೇ ಒಲೆ ಸಾರ್. ನಾನು ಒಲೆ ಕಾಯೋನು. ಒಲೆ ಲೆಕ್ಕಾನೇ ತಾನೇ ಹೇಳೋದು?”

ಗುಮಾಸ್ತರು ಚೀಟಿ ಹಿಡಿದು ಎದ್ದೆನೋ ಬಿದ್ದೆನೋ ಎಂದು ಓಡಿದರು. ಮಗನನ್ನು ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿದರು. “ಸ್ವಾಮೀ, ಅದು ನಿಮ್ಮಪ್ಪನೇ! ನೀವು ಹಿಡಿದಿದ್ದು ಅವರ ಕೈನೇ! ಇಲ್ನೋಡಿ!”

ಮಗ ಚೀಟಿಯ ಕಡೆ ಕಣ್ಣೂ ಹಾಯಿಸಲಿಲ್ಲ. “ನಿಮ್ಮ ಕೆಲಸ ಉಳಿಸ್ಕೊಳ್ಳೋಕೆ ಇನ್ನೆಷ್ಟು ಜನ ಅಪ್ಪಂದಿರನ್ನ ತರ್ತೀರಿ?” ಎಂದು ಕೈ ಕೊಡವಿಕೊಂಡು ಮೆಟ್ಟಿಲು ಹತ್ತಿದ.

ಗುಮಾಸ್ತರು ಕಾಲೆಳೆದುಕೊಂಡು ಕಚೇರಿಗೆ ಮರಳಿದಾಗ ಅವರ ಮೇಜಿನ ಮುಂದೆ ಒಬ್ಬ ಪೊಲೀಸಿನವನೂ, ಎದೆಗೆ ಚೀಲ ಅವಚಿಕೊಂಡ ಒಬ್ಬ ಮುದುಕಿಯೂ ನಿಂತಿದ್ದರು.

“ನಂಬರ್ ಮೂರರ ಕಡೆಯವರು,” ಎಂದ ಪೊಲೀಸಿನವನು. “ಅಕ್ಕನಂತೆ.”

ಮುದುಕಿ ಗುಮಾಸ್ತರಿಗೆ ಕೈಮುಗಿದಳು. “ನನಗೋಸ್ಕರ ಸುಡದೆ ಇಟ್ಟಿದ್ದೀರಂತೆ. ನಿಮ್ಮ ಹೊಟ್ಟೆ ತಣ್ಣಗಿರ್ಲಿ ಅಣ್ಣಾ,” ಎಂದು ಚೀಲದಿಂದ ಮಡಿಸಿದ ಹೊಸ ಅಂಗಿಯೊಂದನ್ನು ತೆಗೆದಳು. “ಎಲ್ಲಿದ್ದಾನೆ ನನ್ನ ತಮ್ಮ? ಯಾವ ಕಡೆ ಹೋಗ್ಬೇಕು?”