ಏಳು ತೂತಿನ ಎಂಜಿನ್

ತಾಮ್ರದ ಬಾಯ್ಲರಿಗೆ ಎರಡು ತಿಂಗಳ ಸಂಬಳ. ಚಕ್ರಗಳ ಎರಕಕ್ಕೆ ಒಂದು ವರ್ಷದ ಬೋನಸ್ಸು. ಹಿತ್ತಾಳೆ, ತಗಡು, ಸ್ಕ್ರೂಗಳಿಗೆ ಆದದ್ದನ್ನು ಗುಮಾಸ್ತರು ಹೆಂಡತಿಗೆ ಹೇಳಿರಲಿಲ್ಲ. ಆದರೆ ಎಲ್ಲಕ್ಕಿಂತ ದುಬಾರಿಯಾದದ್ದು ಊಟದ ಮೇಜು. ಏಳು ವರ್ಷದಿಂದ ಅದರ ಮೇಲೆ ಎಂಜಿನ್ನು ನಿಂತಿತ್ತು. ಗಂಡ ಹೆಂಡತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಸೋಫಾದ ತುದಿಯಲ್ಲಿ ಕೂತು ಉಣ್ಣುತ್ತಿದ್ದರು.

ಅದು ಹಳೆಯ ಉಗಿ ಎಂಜಿನ್ನೊಂದರ ಮಾದರಿ, ಅಸಲಿನ ಹದಿನಾರನೇ ಒಂದು ಪಾಲು. ಅಸಲು ಎಂಜಿನ್ನು ಯುದ್ಧದ ಕಾಲದಲ್ಲಿ ಮದ್ದುಗುಂಡು ಸಾಗಿಸಿದ್ದು. ಒಂದು ದಿನ ವಿಮಾನವೊಂದು ಅದರ ಹಿಂಬದಿಯ ನೀರಿನ ತೊಟ್ಟಿಗೆ ಗುಂಡು ಹಾರಿಸಿತ್ತು. ಆ ಎಂಜಿನ್ನಿನದೆಂದು ಉಳಿದದ್ದು ಒಂದೇ ಫೋಟೋ. ಅದರಲ್ಲಿ ತೊಟ್ಟಿಯ ಪಕ್ಕೆಗೆ ಏಳು ತೂತು. ಗುಮಾಸ್ತರು ಭೂತಗನ್ನಡಿ ಹಿಡಿದು ಅಳೆದು, ಏಳನ್ನೂ ಇದ್ದ ಜಾಗದಲ್ಲೇ ಕೊರೆದಿದ್ದರು. ಒಳಗೆ ಬೇರೊಂದು ಸಣ್ಣ ತೊಟ್ಟಿ ಕೂರಿಸಿದ್ದರಿಂದ ನೀರು ಸೋರುತ್ತಿರಲಿಲ್ಲ. ಕಚೇರಿಯಲ್ಲಿ ಅವರದು ದಾಖಲೆ ಕೋಣೆ. ಕಾಗದದಲ್ಲಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ಹೇಳಿಯೇ ಇಪ್ಪತ್ತು ವರ್ಷ ಅನ್ನ ತಿಂದವರು.

ಮಾದರಿಗಳ ಪ್ರದರ್ಶನದ ದಿನ ಬೆಳಿಗ್ಗೆ ಹೆಂಡತಿ ಕರಾರು ಹಾಕಿದರು.

"ಇವತ್ತು ಕಪ್ ಬಂದ್ರೆ ಮೇಜು ನಿಮ್ಮ ಎಂಜಿನ್ನಿಗೆ. ನಾನು ಇನ್ನು ತುಟಿ ಬಿಚ್ಚಲ್ಲ. ಬರದಿದ್ರೆ ಇವತ್ತಿನ ಊಟ ಮೇಜಿನ ಮೇಲೆ."

"ಬಂದೇ ಬರುತ್ತೆ ಕಣೆ. ಅಸಲಿಗೆ ಎಷ್ಟು ಹೋಲುತ್ತೆ ಅಂತ ನೋಡಿ ಕೊಡೋ ಕಪ್ ಅದು."

"ಮೇಜನ್ನ ಒರೆಸಿಟ್ಟಿರ್ತೀನಿ."

ಎಂಜಿನ್ನನ್ನು ಸಾಗಿಸಲು ಪಕ್ಕದ ಮನೆಯ ಮೇಸ್ತ್ರಿ ತಾನೇ ಮುಂದೆ ಬಂದ. ನೆಗ್ಗಿದ ಕಾರುಗಳನ್ನು ನೆಟ್ಟಗೆ ಮಾಡುವುದು ಅವನ ಕಸುಬು. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟರೂ ಕರೆಯದೆ ಬರುವ ಒಳ್ಳೆಯ ಮನುಷ್ಯ. ಹಿಂದಿನ ವಾರ ಗುಮಾಸ್ತರ ಗೇಟಿಗೆ ಎಣ್ಣೆ ಹಾಕಿ ಹೋಗಿದ್ದ. ಅಂದಿನಿಂದ ಗೇಟು ಮುಚ್ಚಿದರೆ ನಿಲ್ಲುತ್ತಿರಲಿಲ್ಲ.

"ನೀವು ಆಫೀಸಿಗೆ ಹೋಗಿ ರಜಾ ಚೀಟಿ ಕೊಟ್ಟು ಬನ್ನಿ ಸಾರ್. ಅಷ್ಟರಲ್ಲಿ ವ್ಯಾನಿಗೆ ಹಾಕಿಸಿರ್ತೀನಿ. ನನ್ನ ಕೈಗೆ ಬಂದ ಮೇಲೆ ಮುಗೀತು."

ಮುಗಿದೇ ಇತ್ತು. ಎರಡು ಗಂಟೆ ಬಿಟ್ಟು ಗುಮಾಸ್ತರು ಬಂದು ನೋಡಿದರೆ, ತೊಟ್ಟಿಯ ಮೇಲೆ ಒಂದು ತೂತೂ ಇರಲಿಲ್ಲ. ಪಕ್ಕೆಯೆಲ್ಲ ಹೊಸ ಮಡಕೆಯ ಹಾಗೆ ಕೆಂಪಗೆ ಹೊಳೆಯುತ್ತಿತ್ತು.

"ಏನಯ್ಯಾ ಇದು?"

"ಪುಟ್ಟಿ ಹಾಕಿ, ಉಜ್ಜಿ, ಒಂದು ಕೋಟು ಪ್ರೈಮರ್ ಹೊಡೆದೆ ಸಾರ್. ಟೈಮ್ ಇದ್ದಿದ್ರೆ ಮೇಲೆ ಕಪ್ಪು ಬಣ್ಣಾನೂ ಹೊಡೀತಿದ್ದೆ. ದುಡ್ಡಿನ ಮಾತೇ ಬೇಡ."

"ಅದು ಯುದ್ಧದ ತೂತು ಕಣಯ್ಯಾ. ಬೇಕು ಅಂತಲೇ ಕೊರೆದಿದ್ದು."

ಮೇಸ್ತ್ರಿ ಅವರನ್ನು ಕನಿಕರದಿಂದ ನೋಡಿದ. "ನೀರಿನ ತೊಟ್ಟೀಲಿ ತೂತಿದ್ರೆ ಗಾಡಿ ಓಡುತ್ತಾ ಸಾರ್?"

"ನಿನಗೆ ಇತಿಹಾಸ ಗೊತ್ತಿಲ್ಲ. ಗಾಡಿ ಬಿಡು."

ಪ್ರದರ್ಶನದ ಸಭಾಂಗಣದಲ್ಲಿ ತೀರ್ಪುಗಾರರು ಬರಲು ಒಂದೂವರೆ ಗಂಟೆಯಿತ್ತು. ಗುಮಾಸ್ತರು ಅಂಗಿ ತೋಳು ಮಡಚಿ, ಥಿನ್ನರಿನಿಂದ ಕೆಂಪು ಒರೆಸಿದರು. ವಾಸನೆಗೆ ಕಾವಲುಗಾರ ಮರಳು ತುಂಬಿದ ಬಕೆಟ್ಟು ಹಿಡಿದು ಓಡಿಬಂದ. ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ಕಾಲು ಗಂಟೆ ಹೋಯಿತು. ಕಪ್ಪು ಬಣ್ಣ ಬಳಿದು, ಒದ್ದೆ ಆರಲು ರಟ್ಟಿನಿಂದ ಬೀಸುತ್ತ ನಿಂತರು.

"ಮಗು ಮಲಗಿಸೋವಾಗ ಒಂದಿನಾನೂ ಹಿಂಗೆ ಬೀಸಿದ್ದು ನಾ ಕಾಣೆ," ಎಂದರು ಜೊತೆಗೆ ಬಂದಿದ್ದ ಹೆಂಡತಿ. "ಕೆಂಪೇ ಚೆನ್ನಾಗಿತ್ತಲ್ರೀ."

ಆಮೇಲೆ ಕೈ ಡ್ರಿಲ್ಲು ತೆಗೆದುಕೊಂಡು, ಫೋಟೋ ನೋಡುತ್ತ, ಮೇಸ್ತ್ರಿ ಮುಚ್ಚಿದ್ದನ್ನೆಲ್ಲ ಮತ್ತೆ ಕೊರೆದರು. ಏಳನೆಯದು ಮುಗಿಯುವ ಹೊತ್ತಿಗೆ ಕಾವಲುಗಾರ "ಬಂದ್ರು, ಬಂದ್ರು" ಎಂದ. ಗುಮಾಸ್ತರ ಕೈ ಜಾರಿತು. ತೊಟ್ಟಿಯ ಮೇಲೆ ಎಂಟನೆಯ ತೂತು ಬಿತ್ತು.

ದಾಖಲೆಯಲ್ಲಿ ಏಳೇ. ಗುಮಾಸ್ತರು ಜೇಬಿನಿಂದ ಬೆಂಕಿಕಡ್ಡಿ ತೆಗೆದು, ತುದಿ ಮುರಿದು, ಎಂಟನೆಯದರೊಳಗೆ ತುರುಕಿ ಬೆವರು ಒರೆಸಿಕೊಂಡರು.

ತೀರ್ಪುಗಾರರು ಎಂಬತ್ತು ದಾಟಿದ ಮುದುಕರು, ಬೆನ್ನು ಮಾತ್ರ ಕಂಬಿಯ ಹಾಗೆ ನೆಟ್ಟಗಿತ್ತು. ಎಂಜಿನ್ನಿನ ಸುತ್ತ ಎರಡು ಸಲ ಬಂದರು. ಬಾಯ್ಲರು ತಡವಿದರು. ಚಕ್ರದ ಕಡ್ಡಿಗಳನ್ನು ಎಣಿಸಿದರು. ತೊಟ್ಟಿಯ ಹತ್ತಿರ ಬಂದು ನಿಂತವರು ಅಲ್ಲೇ ನಿಂತರು.

"ಈ ಗಾಡೀಲಿ ನಾನು ಕಲ್ಲಿದ್ದಲು ಎತ್ತಿ ಹಾಕ್ತಿದ್ದೆ," ಎಂದರು. "ಗುಂಡು ಬಿದ್ದ ದಿನಾನೂ ಇದ್ದೆ."

ಗುಮಾಸ್ತರಿಗೆ ಕಪ್ ಕೈಗೇ ಬಂದಂತಾಯಿತು. "ಏಳೂ ಸರಿಯಾಗಿದೆಯಾ ನೋಡಿ ಯಜಮಾನ್ರೇ. ಒಂದು ಕೂದಲೆಳೆ ಆಚೀಚೆ ಇಲ್ಲ."

ಮುದುಕರ ಬೆರಳು ಬೆಂಕಿಕಡ್ಡಿಯ ಮೇಲೆ ನಿಂತಿತು. "ಇದೊಂದು ಸರಿಯಾಗಿದೆ. ಮಿಕ್ಕಿದವೆಲ್ಲ ಯಾಕೆ ಹಿಂಗೆ ಬಾಯ್ಬಿಟ್ಟಿವೆ?"

"ಫೋಟೋದಲ್ಲಿ ಹಂಗೇ ಇದೆಯಲ್ಲ."

"ಫೋಟೋ ಹೊಡೆದಿದ್ದು ಗುಂಡು ಬಿದ್ದ ಐದು ನಿಮಿಷಕ್ಕೆ. ಆಮೇಲೆ ನಾನೇ ಸಲಿಕೆ ಹಿಡಿ ಸೀಳಿ, ಮರದ ಬೆಣೆ ಮಾಡಿ ಹೊಡೆದೆ. ನೀರಿನ ತೊಟ್ಟೀಲಿ ತೂತಿದ್ರೆ ಗಾಡಿ ಓಡುತ್ತಾ ಸ್ವಾಮಿ?"

ಗುಮಾಸ್ತರು ಮೇಸ್ತ್ರಿಯ ಕಡೆ ನೋಡಲಿಲ್ಲ. ಮೇಸ್ತ್ರಿ ಮಾತ್ರ ಅವರನ್ನೇ ನೋಡುತ್ತಿದ್ದ.

"ಮಾರನೇ ದಿನ ಶೆಡ್ಡಲ್ಲಿ ತೂತು ಮುಚ್ಚಿ, ಉಜ್ಜಿ, ಕೆಂಪು ಪ್ರೈಮರ್ ಬಳಿದ್ರು," ಎಂದು ಮುದುಕರು ಮುಂದುವರಿಸಿದರು. "ಮೇಲೆ ಹೊಡೆಯೋಕೆ ಕಪ್ಪು ಬಣ್ಣ ಬರೋದ್ರೊಳಗೆ ಯುದ್ಧಾನೇ ಮುಗಿದುಹೋಯ್ತು. ಕೊನೇವರೆಗೂ ಕೆಂಪು ತೊಟ್ಟೀನೇ. ನೀವು ಅರ್ಧ ಗಂಟೆ ಇದ್ದ ರೂಪ ಮಾಡಿದ್ದೀರಿ, ನಾಲ್ಕು ವರ್ಷ ಓಡಿದ ರೂಪ ಬಿಟ್ರಿ." ತೊಟ್ಟಿಯ ಅಡಿಯಲ್ಲಿ ಒರೆಸಲು ಮರೆತ ಒಂದು ಕೆಂಪು ಕಲೆ ಕಂಡು ಬಗ್ಗಿದರು. "ಇದು ಯಾರು ಬಳಿದಿದ್ದು?"

"ನಾನೇ ಸಾರ್," ಎಂದ ಮೇಸ್ತ್ರಿ. "ಒರೆಸಿದ್ದು ಅವರು."

ಕಪ್ ಪಕ್ಕದ ಮೇಜಿನ ಹಡಗಿನ ಮಾದರಿಗೆ ಹೋಯಿತು. ಮುದುಕರು ಹೋಗುವಾಗ ಮೇಸ್ತ್ರಿಯ ಕೈ ಕುಲುಕಿ, "ನಮ್ಮ ಶೆಡ್ಡಲ್ಲಿ ಇರಬೇಕಿತ್ತಪ್ಪ ನೀನು" ಎಂದರು. ಗುಮಾಸ್ತರ ಬೆನ್ನನ್ನೂ ತಟ್ಟಿ, ಭಾನುವಾರ ಮನೆಗೆ ಬನ್ನಿ, ಮಿಕ್ಕಿದ ಕತೆಯನ್ನೂ ಹೇಳುತ್ತೇನೆ ಎಂದರು.

ವ್ಯಾನು ನೇರವಾಗಿ ಮೇಸ್ತ್ರಿಯ ಗ್ಯಾರೇಜಿಗೆ ಹೋಯಿತು. ಎಂಜಿನ್ನು ಅಲ್ಲಿ ಇಳಿಯಿತು.

"ಆ ತೂತುಗಳನ್ನ ಮುಚ್ಚಬೇಕಲ್ಲಯ್ಯಾ," ಎಂದರು ಗುಮಾಸ್ತರು.

"ಮುಚ್ಚೋಣ ಸಾರ್. ಮೊದಲನೇ ಸಲ ಪುಕ್ಕಟೆ. ಈ ಸಲ ಕೂಲಿ ಆಗುತ್ತೆ."

ಅವತ್ತು ಗಂಡ ಹೆಂಡತಿ ಮೇಜಿನ ಮೇಲೆ ಉಂಡರು. ತಟ್ಟೆ ಅಲುಗಾಡಲಿಲ್ಲ, ಸಾರು ತೊಡೆಗೆ ಚೆಲ್ಲಲಿಲ್ಲ. ಗುಮಾಸ್ತರು ಎರಡನೇ ಸಲ ಅನ್ನ ಹಾಕಿಸಿಕೊಂಡು, ಮೇಜು ಒಳ್ಳೆಯ ವಸ್ತು ಎಂದು ಒಪ್ಪಿದರು. ಕಪ್ ಹೋಯಿತು, ಮೇಜು ಹೋಯಿತು. ಬಂದದ್ದು ಆ ಎಂಟನೆಯ ತೂತು.