ಮಿರ್ಚಿಯೊಳಗಿನ ಸೋಡಾ ಮತ್ತು ಅಕ್ಕಾರ ಕಿಡ್ನಿ

ನನ್ನ ಸೋದರಮಾವ ಈ ಜಗತ್ತಿನಲ್ಲಿ ಅಂಜುವುದು ಎರಡಕ್ಕೇ: ಒಂದು ನನ್ನ ಅವ್ವನಿಗೆ, ಇನ್ನೊಂದು ಅವ್ವನ ಕಿಡ್ನಿಗೆ! ಅವ್ವ ಅವನ ಅಕ್ಕ. ಆರು ವರ್ಷದ ಹಿಂದೆ ಮಾವನ ಎರಡೂ ಕಿಡ್ನಿ ಕೈಕೊಟ್ಟಾಗ ತನ್ನದೊಂದನ್ನು ತೆಗೆದುಕೊಟ್ಟವಳು ಅವಳೇ. ಆಪರೇಷನ್ನಿಗೆ ಮುಂಚೆ ಅವಳು ಹೇಳಿದ್ದು ಇಷ್ಟೇ: "ನೋಡ ತಮ್ಮಾ, ಸಣ್ಣಾಂವ ಇದ್ದಾಗ ನನ್ನ ಸಾಲಿ ಪಾಟಿ ಒಡದಿ, ಸುಮ್ಮನಿದ್ದೆ. ಇದನ್ನ ಕೆಡಿಸಿದಿ ಅಂದ್ರ ಬಿಡಂಗಿಲ್ಲ."

ಅಂದಿನಿಂದ ಮಾವ ಆ ಕಿಡ್ನಿಯನ್ನು ಕರೆಯುವುದೇ 'ಅಕ್ಕಾರು' ಎಂದು. ಗಜೇಂದ್ರಗಡದಲ್ಲಿ ಅವನದೊಂದು ಮಿರ್ಚಿ ಭಜಿ ಅಂಗಡಿ ಇದೆ. ಬಾಣಲೆಯ ಮುಂದೆ ನಿಂತು ನೀರು ಕುಡಿಯುವಾಗ ಹೊಟ್ಟೆಯತ್ತ ನೋಡಿ "ತೊಗೋರಿ ಅಕ್ಕಾರ" ಎನ್ನುತ್ತಾನೆ. ಹೊಸ ಗಿರಾಕಿಗಳು ಯಾವ ಅಕ್ಕಾರು ಬಂದರೆಂದು ಹಿಂದೆ ತಿರುಗಿ ನೋಡುತ್ತಾರೆ. ನಾನಂತೂ ಬಿದ್ದು ಬಿದ್ದು ನಗುತ್ತಿದ್ದೆ.

ಮೈಯ ರೋಗನಿರೋಧಕ ಶಕ್ತಿಗೆ ಈ ಕಿಡ್ನಿ ಹೊರಗಿನದು, ಅದರ ಮೇಲೆ ಏರಿಹೋಗದಂತೆ ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಗುಳಿಗೆ ನುಂಗಿ ಆ ಶಕ್ತಿಯನ್ನು ತಗ್ಗಿಸಿಡಬೇಕು ಎಂದಿದ್ದರು ಡಾಕ್ಟರು. ಮಾವ ತಿಳಿದುಕೊಂಡದ್ದು: ಒಳಗಿನ ಕಾವಲುಗಾರರನ್ನು ಮಲಗಿಸಬೇಕು. ಅವರು ಮಲಗಿದರೆ ನೆಗಡಿ, ಜ್ವರ ಸಲೀಸಾಗಿ ನುಗ್ಗುತ್ತವಲ್ಲ? ಹಾಗಾಗಿ ನರಗುಂದದ ಮದುವೆಯೊಂದರಲ್ಲಿ ಮಾಸ್ಕ್ ಹಾಕಿಕೊಂಡು, ಕುದಿಸಿ ಆರಿಸಿದ ನೀರು ಮನೆಯಿಂದಲೇ ಒಯ್ದು, ಹಂದರದ ಆಚೆ ಬೇವಿನ ಗಿಡದ ಕೆಳಗೆ ಒಬ್ಬನೇ ಕೂತ. ಪಾಪ, ವರನ ಅಜ್ಜಿ ಅಮೃತಬಳ್ಳಿ ಕಷಾಯ ತಂದರು.

"ಕುಡೀರಿ, ರೋಗಾ ತಡಿಯೂ ಶಕ್ತಿ ಹೆಚ್ಚತೈತಿ."

"ಅದ ಬ್ಯಾಡ್ರಿ ಅಮ್ಮಾರ. ಕಾವಲಗಾರರು ಎದ್ರಂದ್ರ ನಮ್ಮ ಅಕ್ಕಾರನ್ನ ಬಡದು ಹೊರಗ ಹಾಕ್ತಾರ."

ಊಟದ ಹೊತ್ತಿಗೆ ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳನ್ನು ಹೊಡೆಯುತ್ತಾರೆಂದು ಹಂದರಕ್ಕೆಲ್ಲ ಸುದ್ದಿಯಾಗಿತ್ತು.

ಇಷ್ಟು ಶಿಸ್ತಿನ ಮನುಷ್ಯ ಎಡವಿದ್ದು ಎಲ್ಲಿ ಗೊತ್ತೇ? ತನ್ನ ಕಸುಬಿನಲ್ಲೇ! ಹೋದ ವರ್ಷ ಅವನ ರಕ್ತದಲ್ಲಿ ಹುಳಿ, ಅಂದರೆ ಆಮ್ಲ, ಏರಿತು. ಬಿಟ್ಟರೆ ಎಲುಬು ಸವೆಯುತ್ತದೆ, ಕಿಡ್ನಿಯೂ ಸೊರಗುತ್ತದೆ ಎಂದು ಡಾಕ್ಟರು ಸೋಡಾ ಗುಳಿಗೆ ಬರೆದುಕೊಟ್ಟರು. ನಲವತ್ತು ವರ್ಷ ಕಡಲೆಹಿಟ್ಟಿಗೆ ಚಿಟಿಕೆ ಸೋಡಾ ಹಾಕಿ ಮಿರ್ಚಿ ಉಬ್ಬಿಸಿದವನಿಗೆ ಸೋಡಾದ ಪಾಠವೇ? ಮಾವ ಗುಳಿಗೆಯನ್ನು ನಾಲಿಗೆಗೆ ಹಚ್ಚಿ ನೋಡಿ, ಅದೇ ಅಡಿಗೆ ಸೋಡಾ ಎಂದು ನಕ್ಕ. ಗುಳಿಗೆಯ ಡಬ್ಬಿ ಹಿಟ್ಟಿನ ಡಬ್ಬಿಯ ಹಿಂದೆ ಹೋಯಿತು. ದಿನಾ ಸಂಜೆ ನಾಲ್ಕು ಬಿಸಿ ಮಿರ್ಚಿಯೇ ಔಷಧವಾಯಿತು.

ಎರಡು ತಿಂಗಳ ನಂತರ ರಕ್ತ ತೋರಿಸಲು ಹುಬ್ಬಳ್ಳಿಗೆ ನಾನೇ ಜೊತೆಗೆ ಹೋದೆ. ಹುಳಿ ಇನ್ನೂ ಏರಿತ್ತು.

"ಸೋಡಾ ತೊಗೊಂಡ್ರ್ಯೋ ಇಲ್ಲೋ?" ಎಂದರು ಡಾಕ್ಟರು.

"ತಪ್ಪಿಸಿಲ್ರಿ. ಮೆಣಸಿನಕಾಯಿ ಜೋಡಿ ತೊಗೊಂಡೇನಿ."

ವಿಷಯ ತಿಳಿದು ನರ್ಸು ಕಿಸಕ್ಕೆಂದಳು. ಡಾಕ್ಟರು ನಗಲಿಲ್ಲ. "ಹಿಟ್ಟಿನ ಚಿಟಿಕಿ ಸೋಡಾ ಎಣ್ಣ್ಯಾಗ ಉಬ್ಬಿ ಹೋಗತೈತಿ, ಔಷಧ ಆಗಂಗಿಲ್ಲ. ಹಿಂಗ ನಡದ್ರ ಈ ಕಿಡ್ನಿ ಭಾಳ ದಿನಾ ಉಳಿಯಂಗಿಲ್ಲ ನೋಡ್ರಿ" ಎಂದರು.

ಬಸ್ಸಿನಲ್ಲಿ ಊರಿಗೆ ಹೊರಟೆವು. ರೋಣ ದಾಟಿದ ಮೇಲೆ ಮಾವ ಮೆಲ್ಲಗೆ ನನ್ನ ಕೈ ಹಿಡಿದ.

"ಅಕ್ಕಗ ಹೇಳಬ್ಯಾಡವ್ವಾ. ಬೈತಾಳ."

ಅವ್ವ ಎದೆನೋವು ಬಂದು ತೀರಿಹೋಗಿ ಆಗಲೇ ವರ್ಷ ದಾಟಿತ್ತು.

ಮರುವಾರವೇ ನಾಗರ ಪಂಚಮಿ. ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವ ಹಬ್ಬ. ಅವ್ವ ಇರುವವರೆಗೆ ಮಾವ ಒಂದು ವರ್ಷವೂ ತಪ್ಪಿಸಿದವನಲ್ಲ. ಆ ಸಲವೂ ಮುಖ ಸಣ್ಣದು ಮಾಡಿಕೊಂಡು ಕೂತಿರುತ್ತಾನೆಂದು ನಾನೇ ಹೋದೆ. ನೋಡಿದರೆ ತಟ್ಟೆಯಲ್ಲಿ ಶೇಂಗಾ ಉಂಡಿ, ಪಕ್ಕದಲ್ಲಿ ಸೋಡಾ ಗುಳಿಗೆಯ ಡಬ್ಬಿ.

"ನಿಮ್ಮವ್ವ ಪಂಚಮಿಗೆ ಬಂದ್ರ ಎರಡ ದಿನಕ್ಕ ಹೊಂಡತಿದ್ಲು. ಮನ್ಯಾಗ ಕೆಲಸ ಐತಿ, ಆಕಳ ಐತಿ ಅಂತ," ಎಂದ, ಹೊಟ್ಟೆಯ ಹತ್ತಿರ ಅಂಗಿಯ ಮೇಲೆ ಕೈಯಿಟ್ಟುಕೊಂಡು. "ಈಗ ಇಲ್ಲೇ ಅದಾಳ. ನಾ ಇರೂತನಕ ಕಳಸಂಗಿಲ್ಲ."

ಗುಳಿಗೆ ಬಾಯಿಗೆ ಹಾಕಿಕೊಂಡ. ನಾನು ನೀರಿನ ಲೋಟ ಅವನ ಕೈಗೆ ಕೊಟ್ಟೆ. ಅವನು ಏನಾದರೂ ಅನ್ನುವ ಮುಂಚೆ ನಾನೇ ಅವನ ಹೊಟ್ಟೆಯತ್ತ ನೋಡಿ ಅಂದೆ:

"ತೊಗೊಳವ್ವಾ."