ಥಾಯ್ ಹೋಟೆಲ್ಲಿನ ಬುಟ್ಟಿ ಅನ್ನ

ಹೋಟೆಲ್ಲಿನಲ್ಲಿ ಒಂದು ದಿನ ತಮಾಷೆ ನಡೆಯಲಿಲ್ಲ ಅಂದರೆ ಅವತ್ತು ಬಾಗಿಲು ತೆಗೆಯುವುದನ್ನೇ ಮರೆತಿದ್ದೇವೆ ಅಂತ ಅರ್ಥ. ಹಾಸನದ ಹೋಟೆಲುಗಳಲ್ಲಿ ಬಹಳ ವರ್ಷ ಸಪ್ಲೈಯರ್ ಆಗಿದ್ದವನು ನಾನು. ಆದರೆ ಎರಡು ಸಾವಿರದ ಇಸವಿ ಕಳೆದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಶುರುವಾದ ಥಾಯ್ ಹೋಟೆಲಿನಂಥದ್ದನ್ನು ಮತ್ತೆಲ್ಲೂ ಕಾಣಲಿಲ್ಲ. ಸಾಹುಕಾರರು ಹೊಳೆನರಸೀಪುರದವರು, ಬ್ಯಾಂಕಾಕಿನಲ್ಲಿ ದುಡಿದು ಬಂದವರು. ಅಡುಗೆ ಅವರ ಹೆಂಡತಿಯದು. ಅಮ್ಮಾವ್ರು ಥಾಯ್ಲೆಂಡಿನ ಈಶಾನ್ಯ ಸೀಮೆಯವರು. ಕನ್ನಡ ಕಲಿತದ್ದು ಹಾಸನದ ತರಕಾರಿ ಮಾರ್ಕೆಟ್ಟಿನಲ್ಲಿ.

"ನಮ್ಮೂರ ಅಡ್ಗೆ ಬುಟ್ಟು ಬೇರೆ ಮಾಡಾಕಿಲ್ಲ" ಅಂತ ಅವರ ಹಟ. ಮೂರು ತಿಂಗಳು ನೋಡೋಣ, ಜನ ಬರದಿದ್ದರೆ ಗೋಬಿ ಮಂಚೂರಿಯೇ ಗತಿ ಅಂತ ಸಾಹುಕಾರರು. ಗೋಬಿಯ ಬಾಣಲೆಯನ್ನೂ ತಂದಿಟ್ಟಿದ್ದರು. ಅಮ್ಮಾವ್ರು ಅದರ ಮುಖ ನೋಡುತ್ತಿರಲಿಲ್ಲ.

೧. ಪರಂಗಿ ಕಾಯಿ

ಅಮ್ಮಾವ್ರ ಊರಲ್ಲಿ ಹಸಿರು ಪರಂಗಿ ಕಾಯನ್ನು ಎಳೆಎಳೆಯಾಗಿ ಸೀಳಿ, ಹುಣಸೆ, ನಿಂಬೆ, ಬೆಲ್ಲ, ಮೆಣಸಿನಕಾಯಿ ಸೇರಿಸಿ ಒರಳಿನಲ್ಲಿ ಕುಟ್ಟಿ ತಿನ್ನುತ್ತಾರೆ. ಚನ್ನರಾಯಪಟ್ಟಣದಿಂದ ಪರಂಗಿ ತರುತ್ತಿದ್ದ ರೈತನಿಗೆ ಇದು ಒಪ್ಪಿಗೆಯಾಗದು. ಕಾಯಿ ತಾ ಅಂದರೂ ಹಣ್ಣೇ ತರುತ್ತಿದ್ದ. "ಕಾಯಿ ಕೊಟ್ರೆ ನಮ್ ಮರ್ವಾದೆ ಓಯ್ತದೆ ಕಣವ್ವಾ" ಅನ್ನುತ್ತಿದ್ದ.

ಮೂರನೇ ಸಲ ಅಮ್ಮಾವ್ರು ಎಲ್ಲಿಂದಲೋ ಒಂದು ಕಾಯಿ ಹುಡುಕಿ ತಂದು, ಅವನನ್ನು ಕೂರಿಸಿ, ಕುಟ್ಟಿ ಬಡಿಸಿದರು. ಅವನು ತಟ್ಟೆ ಖಾಲಿ ಮಾಡಿ, ಪ್ರಸಾದ ತಿಂದವನ ಹಾಗೆ ಅಂಗೈ ಕಣ್ಣಿಗೊತ್ತಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲ ಸಾ, ನಮ್ಮಪ್ಪನ ಕಾಲದಿಂದ ಮಾಗ್ಸಿ ಮಾಗ್ಸಿ ಕೆಡಿಸ್ಕೊಂಡ್ ಬಂದ್ಬುಟ್ವಲ್ಲ" ಅಂದ.

೨. ಹತ್ತು ಮೆಣಸಿನಕಾಯಿ

ಅದೇ ಪರಂಗಿ ಕುಟ್ಟುವ ಮುಂಚೆ ಗಿರಾಕಿಯನ್ನು "ಎಷ್ಟ್ ಮೆಣಸಿನಕಾಯಿ?" ಅಂತ ಕೇಳುವುದು ಅಮ್ಮಾವ್ರ ಊರಿನ ಪದ್ಧತಿ. ನಮ್ಮ ಜನ ಒಂದೋ ಎರಡೋ ಅನ್ನುತ್ತಿದ್ದರು. ಅರಕಲಗೂಡಿನಿಂದ ಬಂದ ಮೇಷ್ಟ್ರೊಬ್ಬರು ಮಾತ್ರ ಸಹೋದ್ಯೋಗಿಗಳ ಮುಂದೆ ಮೀಸೆ ತೀಡಿ "ಹತ್ತು" ಅಂದರು. ಅಮ್ಮಾವ್ರು ಎಣಿಸಿ ಹತ್ತು ಹಾಕಿದರು.

ಎರಡು ತುತ್ತಿಗೇ ಮೇಷ್ಟ್ರ ಕಣ್ಣು, ಮೂಗು ಎಲ್ಲ ಕಟ್ಟೆ ಒಡೆದವು. "ಖಾರ ಆಯ್ತಾ ಸಾರ್?" ಅಂದೆ.

"ಇಲ್ಲ, ಊರು ನೆನಪಾಯ್ತು."

"ಯಾವೂರು ಸಾರ್?"

"ಅದೇ ನೆನಪಾಗ್ತಿಲ್ಲ."

ಅವತ್ತು ಮಧ್ಯಾಹ್ನ ಅಮ್ಮಾವ್ರು ತಮ್ಮ ಊಟಕ್ಕೆ ಹದಿನೈದು ಹಾಕಿಕೊಂಡು, ಮೊಸರನ್ನ ಉಂಡಷ್ಟು ತಣ್ಣಗೆ ಉಂಡರು. ನನಗೆ ಕೈ ಮುಗಿಯಬೇಕು ಅನ್ನಿಸಿತು. ಮುಗಿದೂಬಿಟ್ಟೆ.

೩. ಬುಟ್ಟಿ ಅನ್ನ

ಮೂರು ತಿಂಗಳು ಮುಗಿಯುವ ದಿನ. ಗಿರಾಕಿ ಇನ್ನೂ ಸಾಲದು. ಸಾಹುಕಾರರು ಹೂಕೋಸಿಗೆ ಹೇಳಿಯಾಗಿತ್ತು. ಅಷ್ಟರಲ್ಲಿ ಹಿರೀಸಾವೆ ಕಡೆಯ ಆರು ಜನ ರೈತರು ಕೋರ್ಟ್ ಕೆಲಸ ಮುಗಿಸಿ ಒಳಗೆ ಬಂದರು.

ಅಮ್ಮಾವ್ರು ತಮ್ಮೂರ ಅಂಟು ಅನ್ನವನ್ನು ಸಣ್ಣ ಬಿದಿರು ಬುಟ್ಟಿಗಳಲ್ಲಿ ಇಟ್ಟು, ಜೊತೆಗೆ ಸುಟ್ಟ ಕೋಳಿ, ಚಟ್ನಿ ಕೊಟ್ಟರು. "ಕೈಯಾಗೆ ಉಂಡೆ ಮಾಡಿ ಅದ್ಕಂಡು ತಿನ್ನಿ" ಅಂದರು. ಉಂಡೆ, ಅದ್ದುವುದು ಅಂದ ಮೇಲೆ ನಮ್ಮವರಿಗೆ ಹೇಳಿಕೊಡಬೇಕೆ? ಆರೂ ಜನ ಉಂಡೆ ಕಟ್ಟಿ, ಅದ್ದಿ, ರಾಗಿಮುದ್ದೆಯ ಹಾಗೆ ಅಗಿಯದೆ ಗುಳುಂ ಅನ್ನಿಸಿದರು.

ಅಂಟು ಅನ್ನ ಇಳಿಯಲಿಲ್ಲ. ಆರೂ ಜನ ಎದೆ ಹಿಡಿದುಕೊಂಡು ಮೇಲೆ ನೋಡಿದರು. ನಾನು ನೀರಿಗೆ ಓಡಿದೆ. ಸಾಹುಕಾರರು ಬೆನ್ನು ಗುದ್ದುತ್ತಾ ಹೋದರು. ಅಮ್ಮಾವ್ರು ಅಡುಗೆಮನೆ ಬಾಗಿಲಲ್ಲಿ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರು.

ಕಡೆಗೆ ಎಲ್ಲರಿಗೂ ಇಳಿಯಿತು. ಅವರಲ್ಲಿ ಹಿರಿಯರಾದ ಗೌಡರು ಮೀಸೆ ಒರೆಸಿ, "ರುಚಿಯಾಗದೆ ಕಣವ್ವಾ. ಯಾಕ್ ನಿಂತ್ಕತು?" ಅಂದರು.

"ಅಗೀಬೇಕು" ಅಂದರು ಅಮ್ಮಾವ್ರು.

ಆರೂ ಜನ ಮುಖ ಮುಖ ನೋಡಿಕೊಂಡರು. ಉಂಡೆಯನ್ನು ಅಗಿಯುವುದು ಅಂದರೆ ಅವರ ಸೀಮೆಯಲ್ಲಿ ಗಂಡಸುತನ ಕಳೆದುಕೊಂಡ ಹಾಗೆ. ಗೌಡರು ಬುಟ್ಟಿ ನೋಡಿದರು, ಕೋಳಿ ನೋಡಿದರು, ಆಮೇಲೆ ನನ್ನ ಕಿವಿಯಲ್ಲಿ, "ಫ್ಯಾಮಿಲಿ ರೂಮ್ ಖಾಲಿ ಐತೇನ್ಲಾ? ಪರದೆ ಎಳೀತಿಯಾ?" ಅಂದರು.

ಒಳಗೆ ಹನ್ನೆರಡು ಬುಟ್ಟಿ ಅನ್ನ ಹೋಯಿತು. ಮುಂದಿನ ವಾರ ಇನ್ನಷ್ಟು ಜನ ಬಂದು, ಕೂರುವ ಮೊದಲೇ ಪರದೆ ಕೇಳಿದರು. ಸಾಹುಕಾರರು ಬಾಣಲೆಯನ್ನು ಮಾರಿ ಇನ್ನೂ ನಾಲ್ಕು ಫ್ಯಾಮಿಲಿ ರೂಮು ಕಟ್ಟಿಸಿದರು. ಬೇರೆ ಹೋಟೆಲುಗಳ ಪರದೆ ಹಿಂದೆ ಏನೇನು ನಡೆಯುತ್ತಿತ್ತೋ ನಾನರಿಯೆ. ನಮ್ಮಲ್ಲಿ ಮಾತ್ರ ಮೀಸೆ ಹೊತ್ತ ಗಂಡಸರು ಕದ್ದು ಮುಚ್ಚಿ ಅನ್ನ ಅಗಿಯುತ್ತಿದ್ದರು.